ಭೀಮಾಶಂಕರ ಮೀಟರು ಓಡಿಸಿದ್ದು

ಕರೆಂಟ್ ಬಿಲ್ಲು ಬಾಗಿಲ ಸಂದಿಯಿಂದ ಒಳಗೆ ಜಾರಿ ಬಂದಾಗ ಭೀಮಾಶಂಕರ ಗಲ್ಲಕ್ಕೆ ಸೋಪು ಹಚ್ಚಿಕೊಂಡು ಕಿಟಕಿಯ ಬೆಳಕಿನಲ್ಲಿ ದಾಡಿ ಮಾಡಿಕೊಳ್ಳುತ್ತಿದ್ದ. ಬಿಲ್ಲನ್ನೆತ್ತಿ ನೋಡಿದ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದ. ಆಮೇಲೆ ಅರ್ಧ ದಾಡಿಯನ್ನು ಅಲ್ಲಿಗೇ ಬಿಟ್ಟು ಎದ್ದು ನಿಂತು, ಮನೆಯೊಳಗೆ ಕಳ್ಳ ಹೊಕ್ಕನೇನೋ ಎಂಬಂತೆ ಕೂಗಿದ:

“ಭಾಗ್ಯಾ! ಲಗೂನ ಬಾ! ಹಾಡಹಗಲ ದರೋಡಿ ನಡದೈತಿ!”

ಸೌಟು ಹಿಡಿದು ಓಡಿ ಬಂದ ಹೆಂಡತಿ ಭಾಗ್ಯಶ್ರೀಗೆ ದರೋಡೆಕೋರರು ಯಾರೂ ಕಾಣಲಿಲ್ಲ. ಅರ್ಧ ಬಿಳಿ, ಅರ್ಧ ಕಪ್ಪು ಮುಖದ ಗಂಡ ಮಾತ್ರ ಕಂಡ.

ಭೀಮಾಶಂಕರ ಆಳಂದದ ಕಡೆಯವನು. ಸಿಕಂದರಾಬಾದ್ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಮಲ್ಕಾಜ್‌ಗಿರಿಯ ಪದ್ಮಾ ನಿಲಯವೆಂಬ ಮೂರು ಅಂತಸ್ತಿನ ಕಟ್ಟಡದ ನಡುವಿನ ಮನೆಯಲ್ಲಿ ಬಾಡಿಗೆಗಿದ್ದ. ಊರಿನ ಇನ್ನೊಂದು ತುದಿಯಲ್ಲಿ ಹೈಟೆಕ್ ಸಿಟಿ ಎದ್ದು, ಗಾಜಿನ ಕಟ್ಟಡಗಳು ಹಗಲು ರಾತ್ರಿ ಝಗಝಗಿಸತೊಡಗಿದ್ದ ಕಾಲ ಅದು. ಅಲ್ಲಿ ದೀಪ ಹತ್ತಿದಷ್ಟೂ ಇಲ್ಲಿ ತನ್ನ ಬಿಲ್ಲು ಏರುತ್ತದೆಂದು ಭೀಮಾಶಂಕರ ಗಟ್ಟಿಯಾಗಿ ನಂಬಿದ್ದ. ಆ ಬೇಸಿಗೆಯಲ್ಲಂತೂ ಕರೆಂಟಿನ ದರವೇ ಏರಿ, ಓಣಿಯ ಎಲ್ಲ ಮನೆಗಳಲ್ಲೂ ಒಂದೇ ಗೊಣಗಾಟ.

ಆದರೆ ಬೇರೆಯವರ ಮನೆಗೂ ಅವನ ಮನೆಗೂ ಹೋಲಿಕೆ ಎಲ್ಲಿ? ಫ್ಯಾನಿನ ಕೆಳಗಿಂದ ಯಾರಾದರೂ ನೀರು ಕುಡಿಯಲು ಎದ್ದರೆ, ವಾಪಸು ಬರುವಷ್ಟರಲ್ಲಿ ಫ್ಯಾನು ನಿಂತಿರುತ್ತಿತ್ತು. ಮಿಕ್ಸಿ ಹೊರಗೆ ಬರುತ್ತಿದ್ದದ್ದು ಹಬ್ಬಕ್ಕೆ ಮಾತ್ರ. ಕಣ್ಣಿನ ಆಪರೇಷನ್ನಿಗೆಂದು ಊರಿಂದ ಬಂದಿದ್ದ ಅತ್ತೆ ಶಂಕ್ರಮ್ಮ, ಪಟ್ಟಿ ಬಿಚ್ಚಿದ ಮೇಲೂ ಏನೂ ಕಾಣದೆ, ಡಾಕ್ಟರು ಕಣ್ಣು ಕೆಡಿಸಿದ ಎಂದು ಇಡೀ ಸಂಜೆ ಅತ್ತಿದ್ದರು. ತಪ್ಪು ಡಾಕ್ಟರದಲ್ಲ, ಅಳಿಯನ ಮನೆಯ ಜೀರೋ ಬಲ್ಬಿನದು ಎಂದು ಬೆಳಗಾದ ಮೇಲೆ ತಿಳಿಯಿತು.

ಶಂಕ್ರಮ್ಮ ಅಳಿಯನ ಜೊತೆ ನೇರ ಮಾತಾಡುವವರಲ್ಲ. ಎದುರಿಗೇ ಕೂತಿದ್ದರೂ ಮಾತು ಮಗಳ ಮೂಲಕವೇ ಹೋಗಬೇಕು.

“ಭಾಗ್ಯಾ, ನಿಮ್ಮ ಯಜಮಾನ್ರಿಗೆ ಹೇಳು, ಬಿಲ್ ಕಟ್ಟಿ ಸುಮ್ನ ಕುಂದ್ರಂತ. ಸರಕಾರದ ಕೂಡ ಯಾರರ ಜಗಳ ತಗೀತಾರೇನು?”

“ಭಾಗ್ಯಾ, ನಿಮ್ಮವ್ವಗ ಹೇಳು, ಒಂದು ಪೈಸಾನೂ ಕಟ್ಟಂಗಿಲ್ಲ ನಾನು! ದೀಪ ಹಚ್ಚಲ್ಲ, ಫ್ಯಾನ್ ತಿರಗಸಲ್ಲ, ಆದ್ರೂ ಬಿಲ್ ಏರತೈತಿ ಅಂದ್ರ ಏನರ್ಥ? ಮೀಟರ್ ಕುದುರಿ ಹಂಗ ಓಡಾಕತ್ತೈತಿ. ಕುದುರಿ ಅವರದು, ಓಡಿದ್ದು ಅವರ ಕುದುರಿ, ಹುಲ್ಲು ಮಾತ್ರ ನಾ ಹಾಕಬೇಕೇನು?”

ಆವತ್ತು ಅವನಿಗೆ ವಾರದ ರಜೆ. ಅಂಗಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ. ಕೆಳಗಡೆ ಸೂರ್ಯನಾರಾಯಣ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದರು. ಆದೋನಿಯವರು, ರಿಟೈರಾದ ರೈಲ್ವೆ ಗಾರ್ಡು. ಕಟ್ಟಡದ ಸಂಘವನ್ನು ತಾವೇ ಕಟ್ಟಿ, ತಾವೇ ಅಧ್ಯಕ್ಷರಾಗಿದ್ದವರು. ಯಾರ ಮನೆಯ ಕುಕ್ಕರು ಎಷ್ಟು ಸಲ ಕೂಗಿತೆಂಬುದೂ ಅವರ ಗಮನದಲ್ಲಿರುತ್ತಿತ್ತು.

“ಏನು ಭೀಮಾಶಂಕರಗಾರು, ಒಂದು ಕೆನ್ನೆ ನಗ್ತಾ ಇದೆ, ಒಂದು ಕೆನ್ನೆ ಅಳ್ತಾ ಇದೆ?”

ಭೀಮಾಶಂಕರ ಬಿಲ್ಲು ತೋರಿಸಿದ. ಸೂರ್ಯನಾರಾಯಣ ಅದನ್ನು ಓದುವ ಮೊದಲೇ ತೀರ್ಪು ಕೊಟ್ಟರು. “ಫಾಸ್ಟ್ ಮೀಟರು. ನೂರಕ್ಕೆ ನೂರು ಫಾಸ್ಟ್ ಮೀಟರು. ಹೋಗಿ ಆಫೀಸಿನಲ್ಲಿ ಕೂಗಾಡಿ. ಬಿಡಬೇಡಿ. ಸಂಘ ನಿಮ್ಮ ಹಿಂದೆ ಇದೆ.”

ಮೀಟರುಗಳ ಪೆಟ್ಟಿಗೆ ಇದ್ದದ್ದು ಅಲ್ಲೇ ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ಸೂರ್ಯನಾರಾಯಣರ ಕೆಟ್ಟು ನಿಂತ ಸ್ಕೂಟರಿನ ಹಿಂದೆ. ಅದರ ಗಾಜು ಒರೆಸಿ ನೋಡಿದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಅದರ ಬಗ್ಗೆ ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು.

ಕರೆಂಟ್ ಆಫೀಸಿನಲ್ಲಿ ಬಿಲ್ಲು ಕಟ್ಟುವವರ ಸಾಲು ಗೇಟಿನಾಚೆಗೂ ಚಾಚಿತ್ತು. ಭೀಮಾಶಂಕರ ಸಾಲನ್ನು ದಾಟಿ ನೇರ ಇಂಜಿನಿಯರನ ಕೋಣೆಗೆ ನುಗ್ಗಿದ. ಹಿಂದಿಯಲ್ಲಿ ಆರಂಭಿಸಿ, ಸಿಟ್ಟು ಹೆಚ್ಚಿದಂತೆ ತೆಲುಗಿಗೆ ಬಂದು, ಅದು ಇನ್ನೂ ಹೆಚ್ಚಿದಾಗ ಆಳಂದದ ಕನ್ನಡಕ್ಕೇ ಇಳಿದ. “ನಾವೇನು ಇಲ್ಲಿ ಫ್ಯಾಕ್ಟರಿ ನಡಸಾಕತ್ತೀವೇನ್ರಿ? ಕೊಡಂಗಿಲ್ಲ! ಲೈನ್ ಕತ್ತರಿಸ್ತೀರೇನು, ಕತ್ತರಿಸ್ರಿ! ಕಂದೀಲ ಹಚ್ಚಿ ಕುಂದರ್ತೀವಿ!” ಹೊರಗಿನ ಸಾಲಿನಲ್ಲಿದ್ದವರಿಗೆ ಮಾತು ತಿಳಿಯದಿದ್ದರೂ ಧಾಟಿ ತಿಳಿದು ಚಪ್ಪಾಳೆ ತಟ್ಟಿದರು. ಪಾರ್ಸಲ್ ಆಫೀಸಿನಲ್ಲಿ ಇಷ್ಟು ವರ್ಷ ದುಡಿದರೂ ಭೀಮಾಶಂಕರನಿಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಅವನ ಎದೆ ಉಬ್ಬಿತು.

ಇಂಜಿನಿಯರು ಚಿಕ್ಕ ವಯಸ್ಸಿನವನು, ತೆಲುಗಿನವನು. ಬೀದರಿನಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಅವನು ಜಗಳಕ್ಕೇ ಬರಲಿಲ್ಲ.

“ಕುಂದರ್ರಿ ಸರ್, ನೀರು ಕುಡೀರಿ. ಮೀಟರ್ ಜೋರು ಓಡತೈತಿ ಅಂತೀರಲ್ಲ, ಮಧ್ಯಾಹ್ನ ನಾನೇ ಬಂದು ನೋಡ್ತೀನಿ. ಹೊಸಾ ಮೀಟರೂ ಸಂಗಟ ತರ್ತೀನಿ. ನಿಮ್ಮ ಮಾತು ಖರೇ ಇದ್ರ ನಿಂತ ಕಾಲಿನ್ಯಾಗ ಬದಲು ಮಾಡೋಣು. ಇನ್ನೊಂದು ಮಾತು ಸರ್, ನಿಮ್ಮ ದಾಡಿ ಅರ್ಧಕ್ಕ ನಿಂತೈತಿ.”

ಭೀಮಾಶಂಕರ ಮನೆಗೆ ಬಂದಾಗ ಅವನಿಗಿಂತ ಮುಂಚೆ ಸುದ್ದಿ ಬಂದಿತ್ತು. ಸೂರ್ಯನಾರಾಯಣ ಮೆಟ್ಟಿಲಲ್ಲೇ ಸಭೆ ಸೇರಿಸಿದ್ದರು. ಭೀಮಾಶಂಕರನ ಮನೆಯೊಳಗೆ ಒಂದು ಸುತ್ತು ಹಾಕಿ ಬಂದು ತಲೆಯಾಡಿಸಿದರು.

“ಒಂದು ಫ್ಯಾನು, ಒಂದು ಜೀರೋ ಬಲ್ಬು. ಇಷ್ಟಕ್ಕೆ ಮೀಟರು ಓಡಿದ್ದು ಇಂಜಿನಿಯರಿಗೆ ಹೇಗೆ ಕಾಣ್ತದೆ? ಕುದುರೆ ಓಡೋದು ತೋರಿಸಬೇಕು ಅಂದ್ರೆ ಗಾಡಿ ಕಟ್ಟಬೇಕಂಡಿ! ಲೋಡು ಬೇಕು, ಲೋಡು!”

ಮಾತು ಎಲ್ಲರಿಗೂ ಸರಿಯೆನಿಸಿತು. ಮೇಲಿನ ಮಹಡಿಯ ಚಂದ್ರಹಾಸನನ್ನು ಎಬ್ಬಿಸಿದರು. ಅವನು ಕುಂದಾಪುರದ ಹುಡುಗ. ಅಮೆರಿಕದ ಕಂಪನಿಯೊಂದರ ಕೆಲಸವನ್ನು ಹೈಟೆಕ್ ಸಿಟಿಯಲ್ಲಿ ರಾತ್ರಿಯಿಡೀ ಮಾಡಿ, ಹಗಲೆಲ್ಲ ಮಲಗುವವನು.

“ಎಂತ ಮಾರಾಯ್ರೆ, ಈಗಷ್ಟೇ ನಿದ್ದೆ ಹತ್ತಿತ್ತು,” ಎಂದು ಕಣ್ಣುಜ್ಜುತ್ತ ಬಂದವನು, ಕರೆಂಟ್ ಬಿಲ್ಲಿನ ಮೇಲೆ ಯುದ್ಧವೆಂದು ಕೇಳಿದ ಕೂಡಲೇ ಪೂರ್ತಿ ಎಚ್ಚರಾದ. ತನ್ನ ಕಂಪ್ಯೂಟರು ಹೊತ್ತು ತಂದ. ಕೂಲರು ತಂದ. ಒಂದು ಬಕೆಟ್ ನೀರು, ನೀರು ಕಾಯಿಸುವ ಕಾಯಿಲನ್ನೂ ತಂದು, “ಹೇಗೂ ಕಾಯ್ತದಲ್ಲ, ಸ್ನಾನಕ್ಕಾಗ್ತದೆ” ಎಂದ.

ಸೂರ್ಯನಾರಾಯಣರ ಹೆಂಡತಿ ವಾಸಂತಿ ತಮ್ಮ ಕೂಲರನ್ನು ತಳ್ಳಿಸಿಕೊಂಡು ಬಂದರು. ಹಿಂದೆಯೇ ಗ್ರೈಂಡರು ಬಂತು. ಅದರೊಳಗೆ ನೆನೆಸಿದ ಅಕ್ಕಿ, ಉದ್ದು. “ಸುಮ್ನೆ ತಿರುಗೋದಕ್ಕಿಂತ ಹಿಟ್ಟಾದರೂ ಆಗಲಿ ಅಂತ.” ಸೂರ್ಯನಾರಾಯಣ ಇಸ್ತ್ರಿ ಪೆಟ್ಟಿಗೆಯ ಜೊತೆ ಎರಡು ವಾರದ ಬಟ್ಟೆಯ ಗಂಟನ್ನೂ ತಂದರು. ಭಾಗ್ಯಶ್ರೀ ಇದೇ ಸಮಯವೆಂದು ಮಿಕ್ಸಿ ಹೊರಗೆ ತೆಗೆದು ಶೇಂಗಾ ಚಟ್ನಿಪುಡಿಗೆ ಕೂತಳು. ಮನೆ ಕೋಠಿ ಬಜಾರಿನ ಕರೆಂಟ್ ಸಾಮಾನಿನ ಅಂಗಡಿಯಂತಾಯಿತು.

ಒಮ್ಮೆ ಹಚ್ಚಿ ನೋಡಿದರು. ಢಬ್ ಎಂದು ಫ್ಯೂಸು ಹೋಯಿತು.

“ಅಷ್ಟೇನಾ?” ಎಂದರು ಸೂರ್ಯನಾರಾಯಣ. ಟೆರೇಸಿಗೆ ಹೋಗಿ ಬಟ್ಟೆ ಒಣಹಾಕುವ ತಂತಿಯಲ್ಲೊಂದು ತುಂಡು ಕತ್ತರಿಸಿ ತಂದು ಫ್ಯೂಸಿಗೆ ಸುತ್ತಿದರು. “ಇನ್ನು ಬ್ರಹ್ಮದೇವರು ಬಂದ್ರೂ ಹೋಗಲ್ಲ.”

“ಭಾಗ್ಯಾ, ನಿಮ್ಮ ಯಜಮಾನ್ರಿಗೆ ಹೇಳು, ಮನಿ ಸುಟ್ಟೀತು,” ಎಂದರು ಶಂಕ್ರಮ್ಮ.

“ಸುಟ್ರ ಸುಡಲಿ! ಹಿಂದ ಸರಿಯೋ ಮಾತಿಲ್ಲ!” ಎಂದ ಭೀಮಾಶಂಕರ. ಹೆಂಡತಿ ಕೈಹಿಡಿದು ಕೂರಿಸಿದ್ದರಿಂದ ಅಷ್ಟು ಹೊತ್ತಿಗೆ ಉಳಿದರ್ಧ ದಾಡಿಯೂ ಆಗಿತ್ತು. ಸಾಕ್ಷಾತ್ ಮುಂದಾಳಿನಂತೆ ಕಾಣುತ್ತಿದ್ದ.

ಇಂಜಿನಿಯರು ಹೇಳಿದ ಹೊತ್ತಿಗೇ ಜೀಪಿನಲ್ಲಿ ಬಂದ. ಜೊತೆಗೆ ಲೈನ್‌ಮನ್ ಮಲ್ಲಣ್ಣ. ಸ್ಕೂಟರನ್ನು ಪಕ್ಕಕ್ಕೆ ಎಳೆದು, ಜೇಡರಬಲೆ ತೆಗೆದು, ಮಲ್ಲಣ್ಣ ಮೀಟರಿನ ಗಾಜನ್ನು ಒರೆಸಿದ. ಭೀಮಾಶಂಕರ ಮೆಟ್ಟಿಲ ಬುಡದಲ್ಲಿ ನಿಂತು, ರೈಲಿಗೆ ಹಸಿರು ನಿಶಾನೆ ಕೊಡುವವನಂತೆ ಕೈ ಎತ್ತಿದ.

“ಭಾಗ್ಯಾ! ಎಲ್ಲಾ ಚಾಲೂ ಮಾಡು!”

ಮೇಲೆ ಹಿಟ್ಟಿನ ಗಿರಣಿ ಶುರುವಾದಂಥ ಸದ್ದು. ಗೋಡೆಗಳು ಗುಂಯ್‌ಗುಟ್ಟಿದವು.

“ನೋಡ್ರಿ ಸಾಹೇಬ್ರ, ಈಗ ನೋಡ್ರಿ! ಕುದುರಿ ಹೆಂಗ ಓಡತೈತಿ!”

ಇಂಜಿನಿಯರು ಟಾರ್ಚಿನ ಬೆಳಕು ಬಿಟ್ಟು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಪಕ್ಕಕ್ಕೆ ಸರಿದು ಭೀಮಾಶಂಕರನಿಗೆ ಜಾಗ ಬಿಟ್ಟ.

ಪಕ್ಕದಲ್ಲಿ ಸೂರ್ಯನಾರಾಯಣರ ಮೀಟರು ಮನೆಯ ಫ್ರಿಜ್ಜೊಂದರ ಹೊರೆಗೇ ನಿಧಾನಕ್ಕೆ ತಿರುಗುತ್ತಿತ್ತು. ಭೀಮಾಶಂಕರನ ಮೀಟರಿನ ಚಕ್ರ ಮಾತ್ರ ಫೋಟೋ ತೆಗೆಸಿಕೊಳ್ಳಲು ನಿಂತ ಮದುಮಗನಂತೆ ಅಲುಗಾಡದೆ ನಿಂತಿತ್ತು.

“ಇನ್ನೂ ಹಚ್ಚಿಲ್ಲೇನೋ,” ಎಂದು ಅವನು ಮೇಲೆ ನೋಡಿ ಕೂಗಿದ. “ಭಾಗ್ಯಾ! ಚಾಲೂ ಮಾಡೀಯೇನು?”

“ಎಲ್ಲಾ ಚಾಲೂ ಐತ್ರಿ! ಅವ್ವ ಥಂಡಿಗೆ ಕೌದಿ ಹೊದ್ದು ಕುಂತಾಳ!”

ಇಂಜಿನಿಯರು ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದ. “ಸರ್, ಈ ಮೀಟರ್ ಸತ್ತು ಭಾಳ ವರ್ಷ ಆಗೈತಿ. ಒಂದು ಯೂನಿಟ್ಟೂ ಮುಂದ ಹೋಗಿಲ್ಲ.”

“ಮತ್ತ... ಬಿಲ್ಲು?”

“ಅದು ಸರಾಸರಿ ಬಿಲ್ಲು ಸರ್. ಮೀಟರ್ ಜೀವಂತ ಇದ್ದಾಗ ಎಷ್ಟು ಬರತಿತ್ತೋ ಅಷ್ಟೇ ಹಾಕ್ಕೊಂತ ಬಂದಾರ. ಈಗ ದರ ಏರಿತು, ಬಿಲ್ಲೂ ಏರಿತು. ನೀವು ಏನ್ ಹಚ್ಚಿದ್ರೂ ಅಷ್ಟ, ಬಿಟ್ರೂ ಅಷ್ಟ.”

ಭೀಮಾಶಂಕರ ಮೆಟ್ಟಿಲ ಮೇಲೆ ಕೂತುಬಿಟ್ಟ. ಇಷ್ಟು ವರ್ಷ ಆರಿಸಿದ ದೀಪಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಹತ್ತಿಕೊಂಡವು. ನಿಲ್ಲಿಸಿದ ಫ್ಯಾನುಗಳೆಲ್ಲ ತಲೆಯೊಳಗೆ ತಿರುಗತೊಡಗಿದವು. ಬೆವರಿನಲ್ಲಿ ತೋಯ್ದು ಮಲಗಿದ ಬೇಸಿಗೆಗಳು, ಅತ್ತೆಯ ಕಣ್ಣೀರು, ಕಲ್ಲಿನಲ್ಲಿ ಅರೆದ ಚಟ್ನಿ, ಯಾವುದೂ ಒಂದು ಯೂನಿಟ್ಟನ್ನೂ ಉಳಿಸಿರಲಿಲ್ಲ. ಅಷ್ಟೇ ಬಿಲ್ಲಿನಲ್ಲಿ ನವಾಬನಂತೆ ಬದುಕಬಹುದಿತ್ತು.

“ನಿಯಮ ಐತಿ ಸರ್,” ಇಂಜಿನಿಯರು ಮುಂದುವರಿಸಿದ. “ಮೀಟರ್ ಸತ್ತ ಕಡೆ, ಮನ್ಯಾಗ ಎಷ್ಟು ಸಾಮಾನು ಹಚ್ಚಿರ್ತಾರ ನೋಡಿ, ಹಿಂದಿನ ಬಾಕಿ ಹಾಕಬೇಕು. ನಡೀರಿ, ಮ್ಯಾಲ ನೋಡೋಣು.”

ಮೇಲೆ ಎರಡು ಕೂಲರುಗಳ ನಡುವೆ ಶಂಕ್ರಮ್ಮ ಕೌದಿ ಹೊದ್ದು ಸಂಸ್ಥಾನದ ರಾಣಿಯಂತೆ ಕೂತಿದ್ದರು. ಇಂಜಿನಿಯರು ಪೆನ್ನು ತೆಗೆದ. “ಕೂಲರ್, ಗ್ರೈಂಡರ್, ಇಸ್ತ್ರಿ, ಕಂಪ್ಯೂಟರ್...”

“ಸಾಹೇಬ್ರ, ನಮ್ಮವಲ್ಲರಿ ಇವು!” ಭೀಮಾಶಂಕರ ಅಡ್ಡ ಬಂದ. “ಆ ಕೂಲರ್ ಸೂರ್ಯನಾರಾಯಣಗಾರದು. ಕಂಪ್ಯೂಟರ್ ಈ ಚಂದ್ರಹಾಸಂದು. ಕೇಳ್ರಿ ಬೇಕಾದ್ರ!”

ಇಂಜಿನಿಯರು ಹಿಂದೆ ತಿರುಗಿದ. “ಹೌದೇನ್ರಿ? ಹಂಗಿದ್ರ ನಿಮ್ಮ ಮೀಟರೂ, ನಿಮ್ಮ ಮನಿ ಸಾಮಾನೂ ಈಗ್ಲೇ ನೋಡಿಬಿಡ್ತೀನಿ.”

ಸೂರ್ಯನಾರಾಯಣ ಸೀಲಿಂಗು ನೋಡಿದರು. “ನಮ್ಮದಾ? ನಾವು ಕೂಲರು ಹಾಕೋದೇ ಇಲ್ಲಂಡಿ. ವಾಸಂತಿಗೆ ತಂಪು ಗಾಳಿ ಆಗಿಬರಲ್ಲ.” ವಾಸಂತಿ ತಿರುಗುತ್ತಿದ್ದ ತಮ್ಮ ಗ್ರೈಂಡರನ್ನು ಮೊದಲ ಸಲ ಕಂಡವರಂತೆ ನೋಡಿ ಸೀನಿದರು.

“ಕಂಪ್ಯೂಟರಾ?” ಎಂದ ಚಂದ್ರಹಾಸ. “ರಾತ್ರಿಯಿಡೀ ಆಫೀಸಲ್ಲಿ ನೋಡಿ ನೋಡಿ ಸಾಕಾಗಿದೆ. ಮನೆಗೆ ಯಾರು ತರ್ತಾರೆ ಮಾರಾಯ್ರೆ?” ಎಂದವನೇ ನಿದ್ದೆಯ ನೆಪ ಹೇಳಿ ಮೆಟ್ಟಿಲು ಹತ್ತಿಬಿಟ್ಟ.

ಆಗ ಶಂಕ್ರಮ್ಮ ಬಾಯಿ ತೆರೆದರು. ಪರವೂರಿನ ಸಾಹೇಬನ ಮುಂದೆ ಮಗಳ ಮನೆಯ ಮರ್ಯಾದೆ ಹೋಗುವುದು ಅವರಿಂದ ನೋಡಲಾಗಲಿಲ್ಲ.

“ಯಾರದರ ಸಾಮಾನು ತಂದು ಇಟ್ಕೊಳ್ಳೋ ಮನೆತನಲ್ಲಪ್ಪ ನಮ್ದು! ಎಲ್ಲಾ ನಮ್ಮ ಅಳಿಯಂದ್ರವ! ಬರಕೋ!”

ಇಂಜಿನಿಯರು ಬರೆದುಕೊಂಡ. ಫ್ಯೂಸಿಗೆ ಸುತ್ತಿದ ತಂತಿಯನ್ನು ಕಂಡು ಅದಕ್ಕೂ ಒಂದು ಸಾಲು ಬರೆದ. ಮಲ್ಲಣ್ಣ ಸತ್ತ ಮೀಟರನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಸೀಲು ಹಾಕಿದ. ಜೀಪು ಹೊರಟುಹೋಯಿತು.

ಜೀಪಿನ ಧೂಳು ಇಳಿಯುವ ಮೊದಲೇ ಬಾಗಿಲು ಬಡಿಯುವ ಸದ್ದು. ಭೀಮಾಶಂಕರ ಒಳಗಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

“ಭೀಮಾಶಂಕರಗಾರು, ನಮ್ಮ ಕೂಲರು?”

“ಯಾವ ಕೂಲರ್ ರೀ? ನಿಮಗ ಕೂಲರೇ ಇಲ್ಲಲ್ಲ! ಸಾಹೇಬ್ರ ಮುಂದ ಹೇಳೀರಿ.”

“ಹಾಸ್ಯ ಮಾಡಬೇಡಿ. ಬಟ್ಟೆನಾದ್ರೂ ಕೊಡಿ, ನನಗೆ ಉಟ್ಕೊಳ್ಳೋಕೆ ಪಂಚೆ ಇಲ್ಲ!”

“ಹಿಟ್ಟು ಹುಳಿ ಬರ್ತದ್ರಿ!” ಇದು ವಾಸಂತಿ.

ಮೇಲಿನ ಮೆಟ್ಟಿಲಿಂದ ಚಂದ್ರಹಾಸನ ದನಿಯೂ ಬಂತು. “ಅಣ್ಣ, ಆ ಬಿಸಿ ನೀರು ಉಂಟಲ್ಲ...”

“ಸಂಘ ನನ್ನ ಹಿಂದ ಐತಿ ಅಂದ್ರಲ್ಲ, ಹಿಂದ ಬರ್ರಿ!” ಭೀಮಾಶಂಕರ ಒಳಗಿಂದಲೇ ಗುಡುಗಿದ. “ಬಾಕಿ ಬಿಲ್ಲಿನ್ಯಾಗ ಪಾಲು ಕೊಟ್ಟವರು ತಮ್ಮ ಸಾಮಾನು ಒಯ್ಯಬಹುದು. ಅಲ್ಲೀತನಕ ಎಲ್ಲಾ ನಂದು. ಸರಕಾರನೇ ಬರಕೊಂಡು ಹೋಗೈತಿ!”

ಹೊರಗೆ ಪಿಸುಪಿಸು. ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ಹೆಜ್ಜೆಗಳು ಮೇಲೊಂದು, ಕೆಳಗೆರಡು ಕರಗಿಹೋದವು.

ಭೀಮಾಶಂಕರ ಗೆದ್ದವನಂತೆ ಒಳಗೆ ತಿರುಗಿದ. ಮಧ್ಯಾಹ್ನದ ಸೆಖೆ ಕೋಣೆಯೊಳಗೆ ಮತ್ತೆ ತುಂಬಿಕೊಂಡಿತ್ತು. ಶಂಕ್ರಮ್ಮ ಕೌದಿ ಕಿತ್ತೆಸೆದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮೀಟರು ಬದಲಿಸುವಾಗ ಆರಿಸಿದ ಎರಡು ಕೂಲರುಗಳು ಬಾಯಿ ತೆರೆದು ಅವನನ್ನೇ ನೋಡುತ್ತಿದ್ದವು. ಭಾಗ್ಯಶ್ರೀ ಒಂದರ ಸ್ವಿಚ್ಚಿನತ್ತ ಮೆಲ್ಲಗೆ ಕೈ ಚಾಚಿದಳು.

“ಈಗ ನಮ್ಮವೇ ಅಲ್ಲೇನ್ರಿ? ಒಂದರ ಹಚ್ಚಲಿ?”

ಭೀಮಾಶಂಕರ ಹಾರಿ ಹೋಗಿ ಅವಳ ಕೈ ಹಿಡಿದುಕೊಂಡ.

“ಮುಟ್ಟಬ್ಯಾಡ ಭಾಗ್ಯಾ! ಈಗ ಮೀಟರ್ ಖರೇನ ಓಡತೈತಿ!”