ನಮ್ಮ ಬೆಚ್ಚಗಿನ ಕೋಣೆಯಲ್ಲಿ ಬಿಡಾರ ಹೂಡಿರುವ ಕಾಫಿ ಮೂಟೆಗಳಿಗೆ

ಮೂಡಿಗೆರೆ ಪೇಟೆ,
ಶ್ರಾವಣ ಮಾಸ, ಯುದ್ಧದ ನಾಲ್ಕನೆಯ ವರ್ಷ

ಮಾನ್ಯರೇ,

ಹಣ್ಣಿನ ಸಿಪ್ಪೆ ಕಳೆದು, ತೊಳೆಸಿಕೊಂಡು, ಕಣದಲ್ಲಿ ಬಿಸಿಲು ಕಾಯಿಸಿಕೊಂಡು, ಮೈಮೇಲೆ ಬಿಳಿ ಹೊಟ್ಟಿನ ಅಂಗಿಯೊಂದನ್ನು ಮಾತ್ರ ಉಳಿಸಿಕೊಂಡು, ಗೋಣಿಯೊಳಗೆ ಗಂಭೀರವಾಗಿ ಕುಳಿತು, ಮಾಘ ಮಾಸದಿಂದ ನನ್ನ ಮನೆಯಲ್ಲಿ ವಾಸವಾಗಿರುವ ಪಾರ್ಚ್‌ಮೆಂಟ್ ಕಾಫಿ ಮೂಟೆಗಳಾದ ತಮ್ಮ ಪಾದಗಳಿಗೆ, ತಮಗೆ ಪಾದಗಳಿಲ್ಲವಾದ್ದರಿಂದ ತಮ್ಮ ತಳಗಳಿಗೆ, ಇದೇ ಪೇಟೆಯಲ್ಲಿ ಕಂಬಳಿ, ಕೊಡೆ ಮಾರಿಕೊಂಡಿರುವ ಏಕಾಂತಪ್ಪನಾದ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮ ಕ್ಷೇಮಕ್ಕಾಗಿ ಸರ್ಕಾರದ ಆಜ್ಞೆಯೇ ಹೊರಟಿರುವಾಗ ತಾವು ಕ್ಷೇಮವಾಗಿರದೆ ಬೇರೆ ದಾರಿಯಿಲ್ಲ. ನಮ್ಮ ಕ್ಷೇಮವನ್ನು ತಾವು ಕೇಳಿಲ್ಲ, ಆದರೂ ತಿಳಿಸುತ್ತೇನೆ.

ಈ ಪತ್ರವನ್ನು ತಮ್ಮ ಯಜಮಾನರಾದ ಕೊಟ್ಟಿಗೆಹಾರದ ಓಂಕಾರಪ್ಪನವರಿಗಾಗಲಿ, ಮನೆ ಬಾಡಿಗೆ ನಿಯಂತ್ರಣದ ಸಾಹೇಬರಿಗಾಗಲಿ ಬರೆಯದೆ ನೇರವಾಗಿ ತಮಗೇ ಬರೆಯುವುದೇಕೆಂದು ತಾವು ಆಶ್ಚರ್ಯಪಡಬಹುದು. ಓಂಕಾರಪ್ಪನವರನ್ನು ಕೇಳಿದರೆ ಎಲ್ಲಾ ಸಾಹೇಬರ ಕೈಯಲ್ಲಿದೆ ಎನ್ನುತ್ತಾರೆ, ಸಾಹೇಬರನ್ನು ಕೇಳಿದರೆ ಕೋಣೆ ಮೂಟೆಗಳ ಸ್ವಾಧೀನದಲ್ಲಿದೆ ಎನ್ನುತ್ತಾರೆ. ಸ್ವಾಧೀನ ತಮ್ಮದೆಂದು ಕಾನೂನೇ ಹೇಳಿದ ಮೇಲೆ ಅವರಿವರ ಕಾಲು ಹಿಡಿಯುವುದು ತಮಗೆ ಅಗೌರವ ಮಾಡಿದಂತೆ ಎಂದು ನನಗೆ ತೋರಿತು.

ತಾವು ನಮ್ಮ ಮನೆಗೆ ದಯಮಾಡಿಸಿದ ಸಂದರ್ಭವನ್ನು ನೆನಪಿಸಿಕೊಳ್ಳಬೇಕು. ತಮ್ಮನ್ನು ಹೊತ್ತ ಗಾಡಿಯ ಅಚ್ಚು ನಮ್ಮ ಅಂಗಡಿಯ ಮುಂದೆಯೇ ಮುರಿಯಿತು, ಸಂಜೆಯ ಮಂಜು ಇಳಿಯುತ್ತಿತ್ತು, ಒಣಗಿದ ಕಾಫಿಗೆ ಮಂಜು ತಗುಲಿದರೆ ವರ್ಷದ ದುಡಿಮೆ ಹಾಳು ಎಂಬುದು ಈ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ದಾರಿಯಲ್ಲಿ ನಿಂತ ಕಾಫಿಗೆ ಯಾರ ಮನೆ ಹತ್ತಿರವೋ ಅವರು ಬಾಗಿಲು ತೆರೆಯುವುದು ನಮ್ಮಲ್ಲಿ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ನಾನೂ ತೆರೆದೆ. ಗಾಡಿಯವರ ಜೊತೆ ನಾನೂ ಬೆನ್ನು ಕೊಟ್ಟು ತಮ್ಮನ್ನು ಒಳಗೆ ಹೊತ್ತು ತಂದೆ. ಮರುದಿನ ಓಂಕಾರಪ್ಪನವರು ಬಂದು, "ಏಕಾಂತಣ್ಣ, ನಿಮ್ಮ ಉಪ್ಕಾರ ಮರಿಯೋ ಹಂಗಿಲ್ಲ. ಲಾರಿ ಸಿಕ್ಕೋ ತಂಕ ಇಲ್ಲೇ ಇರ್ಲಿ" ಎಂದು ಕೈಮುಗಿದು, ವೀಳ್ಯದೆಲೆ, ಅಡಿಕೆ, ಅದರ ಮೇಲೊಂದು ಬೆಳ್ಳಿಯ ರೂಪಾಯಿ ಇಟ್ಟು ತಟ್ಟೆ ನೀಡಿದರು. ತಾಂಬೂಲವನ್ನು ಹಿಂದಕ್ಕೆ ತಳ್ಳುವುದು ಮನೆತನಸ್ಥರ ಲಕ್ಷಣವಲ್ಲ. ಎರಡೂ ಕೈ ಚಾಚಿ ತೆಗೆದುಕೊಂಡೆ, ರೂಪಾಯಿಯನ್ನು ನನ್ನ ಹೆಂಡತಿ ನಂಜಮ್ಮ ದೇವರ ಮುಂದೆ ಇಟ್ಟಳು. ಓಂಕಾರಪ್ಪನವರು ಕೋಣೆಗೆ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಇಳಿಸಿಕೊಂಡು ಹೊರಟರು.

ಆ ರೂಪಾಯಿಯೇ ಬಾಡಿಗೆಯೆಂದೂ, ಅದನ್ನು ಪಡೆದ ಘಳಿಗೆಯಿಂದ ಓಂಕಾರಪ್ಪನವರು ಬಾಡಿಗೆದಾರರೆಂದೂ, ನಾನು ಲ್ಯಾಂಡ್‌ಲಾರ್ಡ್ ಎಂದೂ ಆಮೇಲೆ ಕಚೇರಿಯಲ್ಲಿ ತೀರ್ಮಾನವಾಯಿತು. ಲ್ಯಾಂಡ್‌ಲಾರ್ಡ್ ಎಂದು ಗುಮಾಸ್ತರು ಕೂಗಿದಾಗ ಯಾರೋ ದೊರೆ ಬಂದಿರಬೇಕೆಂದು ನಾನೂ ಹಿಂತಿರುಗಿ ನೋಡಿದೆ. ಮುಂದೆ ಹಲಗೆ ಬಾಗಿಲಿನ ಅಂಗಡಿ, ಹಿಂದೆ ಅಡುಗೆಮನೆ, ಅದರ ಪಕ್ಕದಲ್ಲಿ ತಾವಿರುವ ಕೋಣೆ, ಹಿತ್ತಲಿನಲ್ಲಿ ಒಂದು ಕಡೆ ಗೋಡೆಯಿಲ್ಲದ ಸೌದೆ ಕೊಟ್ಟಿಗೆ, ಇಷ್ಟು ನನ್ನ ಸಾಮ್ರಾಜ್ಯ. ಯುದ್ಧದ ಕಾಲದಲ್ಲಿ ದೊಡ್ಡ ಪಟ್ಟಣಗಳ ಧನಿಕರು ಬಡ ಬಾಡಿಗೆದಾರರನ್ನು ಬೀದಿಗೆ ತಳ್ಳಬಾರದೆಂದು ಮಾಡಿದ ಆಜ್ಞೆ ಅದು. ಒಳ್ಳೆಯ ಆಜ್ಞೆಯೇ, ನಾನು ಅಲ್ಲವೆನ್ನುವುದಿಲ್ಲ. ಆದರೆ ಆ ಧನಿಕ ನಾನೆಂದೂ, ಆ ಬಡಪಾಯಿ ತೋಟದ ಧಣಿಗಳಾದ ಓಂಕಾರಪ್ಪನವರೆಂದೂ ತಿಳಿದಾಗ, ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ಕಟ್ಟಿದವನು ನಮ್ಮ ಮನೆಗೆ ಬಂದು ಹೋಗಿರಬೇಕು ಎನ್ನಿಸಿತು.

ಬಾಡಿಗೆದಾರರಾಗಿ ತಮ್ಮ ನಡತೆಯಲ್ಲಿ ನಾನು ಎಳ್ಳಷ್ಟೂ ಕುಂದು ಕಂಡಿಲ್ಲ. ತಾವು ಬಾವಿಯ ನೀರಿಗೆ ಜಗಳವಾಡಿಲ್ಲ, ಗೋಡೆಗೆ ಮೊಳೆ ಹೊಡೆದಿಲ್ಲ, ನೆಂಟರಿಷ್ಟರನ್ನು ಕರೆಸಿ ತಿಂಗಳುಗಟ್ಟಲೆ ಕೂರಿಸಿಲ್ಲ. ಪೆಟ್ರೋಲ್ ಇಲ್ಲದ ಕಾರಣ ಲಾರಿ ಬರಲಿಲ್ಲ, ಲಾರಿ ಬಂದಾಗ ಮಂಗಳೂರಿನಲ್ಲಿ ಕಾಫಿ ಹಸನು ಮಾಡುವವರ ಬಳಿ ತಮ್ಮ ಸರದಿ ಬಂದಿರಲಿಲ್ಲ. ತಾವು ಒಂದು ದಿನವೂ ಬೇಸರಪಟ್ಟುಕೊಳ್ಳದೆ ಕುಳಿತಿರಿ. ಇಂಥ ತಾಳ್ಮೆ ನನಗಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ನನ್ನ ಕಷ್ಟ ಇಷ್ಟೇ. ನಮಗೆ ಒಬ್ಬಳೇ ಮಗಳು, ಹಾಲಮ್ಮ. ಕಳಸಕ್ಕೆ ಕೊಟ್ಟಿದ್ದೇವೆ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು ಲೋಕಾರೂಢಿ, ಅವಳಿಗೆ ದಿನ ತುಂಬುವುದೋ ಆಷಾಢದಲ್ಲಿ. ಹೊಳೆ ತುಂಬಿದರೆ ಕಳಸ ಆಚೆ, ನಾವು ಈಚೆ, ಆದ್ದರಿಂದ ಮಳೆ ಹಿಡಿಯುವ ಮುಂಚೆಯೇ ಅವಳನ್ನು ಕರೆತರಬೇಕಿತ್ತು. ಸೂಲಗಿತ್ತಿ ಗಿಡ್ಡಮ್ಮ ನಮ್ಮ ಮನೆಯನ್ನು ಒಂದು ಸುತ್ತು ನೋಡಿ, ಅಂಗಡಿಯಲ್ಲಿ ಗಾಳಿ, ಕೊಟ್ಟಿಗೆಯಲ್ಲಿ ಎರಚಲು ಎಂದು ತಲೆಯಾಡಿಸಿ, ತಮ್ಮ ಬೀಗದ ಮುಂದೆ ನಿಂತು, "ಬಾಣಂತಿಗೆ ಇದೇ ಕೋಣೆ ಆಗ್ಬೇಕು ಕಣ್ರಯ್ಯ. ಥಂಡಿ ಹಿಡಿದ್ರೆ ತಾಯಿನೂ ಉಳಿಯಾಕಿಲ್ಲ, ಕೂಸೂ ಉಳಿಯಾಕಿಲ್ಲ" ಎಂದಳು. ಹಾಲಮ್ಮ ಕಳಸದಿಂದ ಬಂದವರ ಕೈಯಲ್ಲೆಲ್ಲ "ಅಪ್ಪಯ್ಯ ಯಾವತ್ತು ಬರ್ತಾರಂತೆ?" ಎಂದು ಕೇಳಿಕಳಿಸುತ್ತಿದ್ದಳು. ಅಂಗಡಿ ಬಿಟ್ಟು ಬರಲು ಪುರಸೊತ್ತಿಲ್ಲವೆಂದು ನಾನು ಸುಳ್ಳು ಹೇಳಿಕಳಿಸುತ್ತಿದ್ದೆ. ಅವಳ ಅತ್ತೆ ನಮ್ಮ ಬಗ್ಗೆ ಏನಂದುಕೊಂಡರೋ, ಅವರು ಹೇಳಿಲ್ಲ, ನಾನು ಕೇಳಿಲ್ಲ.

ಹೀಗಾಗಿ ಕೋಣೆಯನ್ನು ಬಿಡಿಸಿಕೊಡಬೇಕೆಂದು ಸಾಹೇಬರಿಗೆ ಅರ್ಜಿ ಹಾಕಿದೆ. ಸಾಹೇಬರು ಸಜ್ಜನರು, ಕನ್ನಡಕ ಒರೆಸಿಕೊಂಡು ಪೂರ್ತಿ ಕೇಳಿದರು. ಮನೆಯವರ ನಿಜವಾದ ಅಗತ್ಯಕ್ಕೆ ಕೋಣೆ ಬಿಡಿಸಿಕೊಡಲು ಆಜ್ಞೆಯಲ್ಲಿ ಅವಕಾಶವಿದೆಯೆಂದೂ, ಆದರೆ ಮಗಳು ಸದ್ಯ ಆ ಮನೆಯಲ್ಲಿ ವಾಸವಿಲ್ಲವೆಂದೂ, ಮಗು ಸದ್ಯ ಈ ಲೋಕದಲ್ಲೇ ವಾಸವಿಲ್ಲವೆಂದೂ ಹೇಳಿ, "ಕೂಸು ಹುಟ್ಟೋ ಮುಂಚೆ ಕುಲಾವಿ ಅಂದ ಹಾಗಾಯ್ತಲ್ರೀ ನಿಮ್ಮ ಅರ್ಜಿ" ಎಂದು ನಕ್ಕರು. ನಾನೂ ನಕ್ಕೆ, ಸಾಹೇಬರು ನಕ್ಕಾಗ ನಗದಿರುವುದು ಅರ್ಜಿದಾರನಿಗೆ ಒಳ್ಳೆಯದಲ್ಲ. ಅರ್ಜಿ ವಜಾ ಆಯಿತು.

ಅಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ಕಾಫಿ ಪಕ್ಕದಲ್ಲಿದ್ದ ಪದಾರ್ಥದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ ಎಂದು ಓಂಕಾರಪ್ಪನವರು ಸಾಹೇಬರಿಗೆ ಮನವರಿಕೆ ಮಾಡಿಕೊಟ್ಟಿದ್ದರು. ನಮ್ಮ ಅಡುಗೆಮನೆಯ ಗೋಡೆ ಸೂರಿನವರೆಗೆ ಹೋಗುವುದಿಲ್ಲ, ಹೊಗೆ ಮೇಲಿಂದ ಹಾರಿ ತಮ್ಮ ಬಳಿಗೆ ಬರುತ್ತದೆ. ಆದ್ದರಿಂದ ತಮ್ಮ ಪಕ್ಕದಲ್ಲಿ ಒಲೆ ಉರಿಸಕೂಡದೆಂದು ಎರಡನೆಯ ಆಜ್ಞೆಯಾಯಿತು. ನಂಜಮ್ಮ ಒಲೆಯನ್ನು ಕೊಟ್ಟಿಗೆಗೆ ಸಾಗಿಸಿ, ಒಂದು ಕೈಯಲ್ಲಿ ಅಂಗಡಿಯ ಕೊಡೆ, ಒಂದು ಕೈಯಲ್ಲಿ ಸೌಟು ಹಿಡಿದು ಜ್ಯೇಷ್ಠ ಮಾಸವನ್ನೆಲ್ಲ ಕಳೆದಳು. ಒಗ್ಗರಣೆ ಹಾಕುವಾಗ ಗಾಳಿ ಯಾವ ಕಡೆಗಿದೆ ಎಂದು ನೋಡಿ ಹಾಕುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ತಮ್ಮನ್ನೂ, ತಮ್ಮ ಯಜಮಾನರನ್ನೂ, ಹೆಚ್ಚಾಗಿ ನನ್ನನ್ನೂ ಕುರಿತು ಆಡಿದ ಮಾತುಗಳನ್ನು ಬಹಿರಂಗ ಪತ್ರದಲ್ಲಿ ಬರೆಯುವಂತಿಲ್ಲ.

ಕೊನೆಗೆ ಅವಳೇ ಒಂದು ಬೆಳಿಗ್ಗೆ ಸೆರಗು ಬಿಗಿದು, "ನಿಮ್ಮ ಕಾನೂನು ನೀವೇ ಹಾಸ್ಕಂಡು ಹೊದ್ಕಳಿ, ನಾ ಹೋಗಿ ನನ್ನ ಮಗಳನ್ನ ಕರ್ಕಂಡು ಬರ್ತೀನಿ" ಎಂದು ಕಳಸಕ್ಕೆ ಹೊರಟಳು. ಕರೆದುಕೊಂಡೂ ಬಂದಳು. ಹಾಲಮ್ಮನನ್ನು ಅಂಗಡಿಯಲ್ಲಿ ಕಂಬಳಿಗಳ ನಡುವೆ ಮಲಗಿಸಿದೆವು. ಕಂಬಳಿ ಕೊಳ್ಳಲು ಬಂದ ಎಸ್ಟೇಟಿನ ಆಳುಗಳು ಅವಳನ್ನು ನೋಡಿ ಬಾಗಿಲಿನಲ್ಲೇ ತಲೆ ತಗ್ಗಿಸಿ ಹಿಂತಿರುಗುತ್ತಿದ್ದರು. ನನ್ನ ಮಗಳು ಮಾತ್ರ ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಷಾಢದ ಒಂದು ಮಧ್ಯಾಹ್ನ ನೋವು ಕಾಣಿಸಿತು. ಗಿಡ್ಡಮ್ಮ ಬಂದವಳು ಅಂಗಡಿಯೊಳಗೆ ಬೀಸುವ ಗಾಳಿಗೆ ಕೈಯೊಡ್ಡಿ ನೋಡಿ, ನೆಟ್ಟಗೆ ತಮ್ಮ ಕೋಣೆಯ ಕಡೆ ನಡೆದಳು. ಬೀಗ ಒಡೆದರೆ ಜೈಲು ಎಂದು ನಾನು ಅಡ್ಡ ನಿಂತೆ. "ಬೀಗ ಯಾರಿಗೆ ಬೇಕು ಮಾರಾಯ್ರೆ, ಹಾರೆ ಕೊಡಿ" ಎಂದಳು. ನಮ್ಮದು ಹಳೆಯ ಕಾಲದ ಬಾಗಿಲು, ತಿರುಗುವ ಕಡೆ ಮೇಲೆ ಕೆಳಗೆ ಎರಡು ಗೂಟ, ಗೂಟ ಕೂರಲು ಕುಳಿ. ಕೆಳಗೆ ಹಾರೆ ಕೊಟ್ಟು ಗಿಡ್ಡಮ್ಮ, ನಂಜಮ್ಮ ಇಬ್ಬರೂ ಒಮ್ಮೆ ಹೂಂಕರಿಸಿ ಎತ್ತಿದರು, ಬಾಗಿಲು ಕುಳಿಯಿಂದ ಕಳಚಿ, ಬೀಗವಿದ್ದ ಕಡೆಗೆ ಅಂಟಿಕೊಂಡೇ, ತೆರೆಯಬಾರದ ಕಡೆಯಿಂದ ತೆರೆದುಕೊಂಡಿತು. ತಮ್ಮ ಬೀಗಕ್ಕೆ ಒಂದು ಗೀರೂ ಬಿದ್ದಿಲ್ಲವೆಂಬುದನ್ನು ತಾವು ಸಾಕ್ಷಿ ನುಡಿಯಬೇಕಾಗಿ ಪ್ರಾರ್ಥನೆ. ಬಾಗಿಲು ನನ್ನದು, ಅದು ಸ್ವಲ್ಪ ಪಕ್ಕಕ್ಕೆ ಸರಿದು ನಿಂತಿದೆ, ಅಷ್ಟೇ.

ಮುಂದಿನದು ತಮಗೆ ನನಗಿಂತ ಚೆನ್ನಾಗಿ ಗೊತ್ತು, ನಾನು ಹೊರಗಿದ್ದೆ, ತಾವು ಒಳಗಿದ್ದಿರಿ. ಹಾಲಮ್ಮ ತಮ್ಮಲ್ಲೊಬ್ಬರಿಗೆ ಬೆನ್ನು ಕೊಟ್ಟು, ಇನ್ನೊಬ್ಬರ ಕಿವಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳಂತೆ. ಗೋಣಿಯ ಮೂಲೆಯೊಂದು ಕಿತ್ತುಬಂದಿದ್ದರೆ ಅದು ನನ್ನ ಮಗಳ ಕೈಯ ಕೆಲಸ, ದಯವಿಟ್ಟು ಮನ್ನಿಸಬೇಕು. ಮಗುವಿನ ಅಳು ಕೇಳಿದಾಗ ನಾನು ಅಂಗಡಿಯ ಹಲಗೆಯ ಮೇಲೆ ಕುಳಿತು ಗಟ್ಟಿಯಾಗಿ ಅತ್ತೆ. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಬೆಚ್ಚಗಿದ್ದರು. ತಮ್ಮ ಕಡೆಯಿಂದ ಆಕ್ಷೇಪಣೆಯೇನೂ ಬರಲಿಲ್ಲ, ಆ ಉಪಕಾರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಅಂದಿನಿಂದ ಆ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ, ಓಮ, ಬೆಳ್ಳುಳ್ಳಿ, ಮೆಣಸಿನ ಕಷಾಯ ಎಲ್ಲವೂ ವಿಧಿವತ್ತಾಗಿ ನಡೆದಿವೆ. ವಾರದ ಮೇಲೆ ಓಂಕಾರಪ್ಪನವರು ಬಂದು, ಬಾಗಿಲು ಆ ಕಡೆಯಿಂದ ತೆರೆದಿರುವುದನ್ನು ನೋಡಿಯೂ ನೋಡದವರಂತೆ, ಬಾಡಿಗೆದಾರರ ಹಕ್ಕನ್ನು ಬಿಟ್ಟುಕೊಡದೆ ಈ ಕಡೆಯ ಬೀಗಕ್ಕೇ ಕೀಲಿ ಹಾಕಿ ತಿರುಗಿಸಿದರು. ಹಿಡಿದಿದ್ದ ಒಂದೇ ಆಸರೆಯೂ ಹೋಗಿ ಬಾಗಿಲು ಅವರ ಮೈಮೇಲೆ ಒರಗಿತು. ಅದನ್ನು ನಾವೆಲ್ಲ ಎತ್ತಿ, ಅವರನ್ನು ಉಪಚರಿಸಿದ ನಂತರ ಅವರು ಮೂಟೆಯಿಂದ ಹಿಡಿ ಕಾಳು ತೆಗೆದು, ಹೊಟ್ಟು ಉಜ್ಜಿ, ಮೂಸಿ, "ಅಯ್ಯೋ ಶಿವನೇ, ಇದು ಕಾಫಿನೋ ಬಾಣಂತಿ ಲೇಹ್ಯನೋ!" ಎಂದು ಹಣೆ ಹಣೆ ಚಚ್ಚಿಕೊಂಡರು. ಲೇಹ್ಯವಾದರೆ ಸೊಂಟಕ್ಕೆ ಒಳ್ಳೆಯದು ಎಂದು ಗಿಡ್ಡಮ್ಮ ಸಮಾಧಾನ ಹೇಳಿದಳು.

ಈ ನಡುವೆ ನಾನು ಮೇಲಿನವರಿಗೆ ಹಾಕಿದ್ದ ಅಪೀಲಿನ ತೀರ್ಪೂ ಬಂತು. ಅರ್ಜಿದಾರನ ಅಗತ್ಯ ನಿಜವಾದದ್ದೇ ಎಂದು ಅವರು ಎರಡು ಹಾಳೆ ತುಂಬ ಒಪ್ಪಿಕೊಂಡಿದ್ದಾರೆ. ಮೂರನೆಯ ಹಾಳೆಯಲ್ಲಿ, ಹೆರಿಗೆ ಈಗಾಗಲೇ ಮುಗಿದುಹೋಗಿರುವುದರಿಂದ ಆ ಅಗತ್ಯ ಉಳಿದಿಲ್ಲವೆಂದು ಅಪೀಲನ್ನು ವಜಾ ಮಾಡಿದ್ದಾರೆ. ಹುಟ್ಟುವ ಮುಂಚೆ ಬೇಗವಾಯಿತು, ಹುಟ್ಟಿದ ಮೇಲೆ ತಡವಾಯಿತು. ನಡುವೆ ಗಿಡ್ಡಮ್ಮ ಹಾರೆ ಕೇಳಿದ ಆ ಒಂದು ಮಧ್ಯಾಹ್ನ ಕಚೇರಿ ತೆರೆದಿತ್ತೋ ಇಲ್ಲವೋ ನನಗೆ ತಿಳಿಯದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ. ಬಾಣಂತಿ ಮೂರು ತಿಂಗಳು ತುಂಬಿ ಹೊಸಿಲು ದಾಟುವವರೆಗೆ ತಾವು ಈಗಿರುವಂತೆಯೇ ಗೋಡೆಯ ಪಕ್ಕಕ್ಕೆ ಒತ್ತಾಗಿ ಕುಳಿತು ಗಾಳಿಗೆ ಅಡ್ಡವಾಗಿರಬೇಕು, ಸಾಧ್ಯವಾದರೆ ಮಧ್ಯಾಹ್ನದ ಹೊತ್ತು ತೊಟ್ಟಿಲನ್ನೂ ಒಂದಿಷ್ಟು ತೂಗಬೇಕು, ತಮ್ಮ ಯಜಮಾನರು ಹಾನಿಯ ದಾವೆ ಹೂಡಿದರೆ ಖುದ್ದಾಗಿ ಕಚೇರಿಗೆ ನಡೆದು ಬಂದು ತಮಗೆ ಈ ವಾಸನೆ ಇಷ್ಟವೇ ಆಯಿತೆಂದು ಹೇಳಿಕೆ ಕೊಡಬೇಕು. ಲಾರಿ ಸಿಕ್ಕಿ ತಾವೇ ಹೊರಡುವುದಾದರೆ, ಬಾಡಿಗೆದಾರರು ಲಿಖಿತ ನೋಟೀಸು ಕೊಡದೆ ಜಾಗ ಬಿಡುವಂತಿಲ್ಲವೆಂಬ ನಿಯಮವನ್ನು ಮರೆಯಬಾರದು.

ತಮ್ಮ ವಿಶ್ವಾಸಿ ಹಾಗೂ ತಮ್ಮ ಅಪ್ಪಣೆಯಿಂದ ತಮ್ಮ ಪಕ್ಕದಲ್ಲಿ ಬಾಳುತ್ತಿರುವ,
ಏಕಾಂತಪ್ಪ, ಲ್ಯಾಂಡ್‌ಲಾರ್ಡ್

ವಿ.ಸೂ.: ಬಾಣಂತಿಯನ್ನು ಹೆಸರಿಸಿ ಹೊರಹಾಕಿಸಿದರೆ ಊರು ಉಗಿಯುತ್ತದೆಂದು ಓಂಕಾರಪ್ಪನವರು "ಕೋಣೆಯಲ್ಲಿ ಅನಧಿಕೃತವಾಗಿ ವಾಸವಿರುವ ಎಲ್ಲರೂ" ಎಂದು ಬರೆಸಿ ಅರ್ಜಿ ಹಾಕಿದ್ದಾರೆ. ನೋಟೀಸು ತಂದ ಅಮೀನರು, ಎಲ್ಲರ ಹೆಸರೂ ಬರೆಯದೆ ಅದು ಜಾರಿಯಾಗುವುದಿಲ್ಲವೆಂದು ಮಗುವಿನ ಹೆಸರು ಕೇಳಿದರು. "ಇನ್ನೂ ಹೆಸ್ರು ಇಟ್ಟಿಲ್ಲ ಮಾರಾಯ್ರೆ, ಇಟ್ಟ ಮೇಲೆ ಹೇಳಿಕಳಿಸ್ತೀವಿ" ಎಂದಳು ನಂಜಮ್ಮ. ಅವರು ಹಾಗೆಯೇ ಬರೆದುಕೊಂಡು ಹೋದರು. ಅಂದಿನಿಂದ ನಾಮಕರಣ ಮುಂದಕ್ಕೆ ಹೋಗುತ್ತಲೇ ಇದೆ. ಕಳಸದ ಬೀಗಿತ್ತಿಯವರೂ ನಂಜಮ್ಮನ ಪಕ್ಷವನ್ನೇ ಸೇರಿದ್ದಾರೆ. ಹೆಸರನ್ನು ಆಯ್ದಿದ್ದಾರಂತೆ, ಹಾಲಮ್ಮ ಬಾಗಿಲ ಕಡೆ ನೋಡಿಕೊಂಡು ಮಗುವಿನ ಕಿವಿಯಲ್ಲಿ ಅದನ್ನು ಕರೆಯುತ್ತಾಳೆ, ಮಗು ತಿರುಗಿಯೂ ನೋಡುತ್ತದೆ. ನಾನು ಕಂಡಕಂಡವರಿಗೆ ಪತ್ರ ಬರೆಯುವವನೆಂದು ಅದನ್ನು ನನಗೆ ಮಾತ್ರ ಹೇಳಿಲ್ಲ.