ಬೆಸ ತಾರೀಕಿನ ಮಾವ

ನಮ್ಮ ಸೋದರಮಾವನಿಗೆ ಇದ್ದದ್ದು ಒಂದು ಸೈಕಲ್ಲು. ಅದೂ ಹಿತ್ತಿಲಲ್ಲಿ ನಿಲ್ಲುತ್ತಿತ್ತು. ಇಂಥ ಮನುಷ್ಯ ನಾಗಸಂದ್ರದ ಪಾರ್ಕಿಂಗನ್ನೇ ಉದ್ಧಾರ ಮಾಡಲು ಹೊರಟರು ಅಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ!

ಇದಕ್ಕೆಲ್ಲ ಮೂಲ ನಮ್ಮಮ್ಮನ ಮಂಡಿನೋವು. ಪ್ರತಿ ಗೌರಿಹಬ್ಬಕ್ಕೆ ಅಮ್ಮ ತಮ್ಮನ ಮನೆಗೆ ಹೋಗಿ ತವರಿನ ಬಾಗಿನ ತರುವುದು ರೂಢಿ. ಆ ವರ್ಷ ನಮ್ಮ ಹಳೇ ಕಾರಿನಲ್ಲಿ ಕರೆದುಕೊಂಡು ಹೋದೆ. ನೋಡಿದರೆ ಪೀಣ್ಯದ ಕಾರ್ಖಾನೆಗಳ ಟೆಂಪೋಗಳೆಲ್ಲ ಮಾವನ ಬೀದಿಯ ಎರಡೂ ಬದಿ ಒತ್ತಿಕೊಂಡು ನಿಂತಿವೆ! ನಡುವೆ ಒಂದೇ ಗಾಡಿಗೆ ದಾರಿ, ಹಿಂದೆ ಲಾರಿಗಳ ಹಾರನ್ನು. ದೂರ ನಿಲ್ಲಿಸಿದರೆ ಅಮ್ಮನಿಗೆ ನಡೆಯಲಾಗದು. ಮೂರು ಸುತ್ತು ಹೊಡೆದು, ಇಳಿಯದೆ ವಾಪಸ್ ಬಂದೆವು. ವಿಷಯ ತಿಳಿದ ಮಾವ ಊಟ ಬಿಟ್ಟರು. "ಹಬ್ಬದ ದಿನ ಅಕ್ಕ ನನ್ನ ಬಾಗಿಲಿಂದ ಬರಿಗೈಲಿ ಹೋದಳಲ್ಲೋ! ಬರೋ ವರ್ಷ ಅವಳ ಕಾರು ನನ್ನ ಗೇಟಿನ ಮುಂದೇ ನಿಲ್ಲಬೇಕು" ಅಂದರು.

ಶುರುವಾಯಿತು ನೋಡಿ ಸುಧಾರಣೆ! ಮೊದಲು, ಮೂಲೆಯ ಖಾಲಿ ಸೈಟಿಗೆ ಟೆಂಪೋಗಳನ್ನು ಕಳಿಸುವ ಯೋಜನೆ. ಸೈಟಿನ ಯಜಮಾನರು ಊರಿನ ಹಳಬರು. "ಅಲ್ಲಾ ಸಾರ್, ಗಾಡಿ ಬಂದ್ರೆ ನಮ್ಮೆಮ್ಮೆ ಎಲ್ಲಿಗ್ ಓಗ್ಬೇಕು?" ಎಂದು ಕೇಳಿದರು. ಮಾವ ಎರಡು ದಿನ ತಲೆ ಕೆರೆದುಕೊಂಡು, "ಎಮ್ಮೆಗೂ ಒಂದು ನಂಬರ್ ಕೊಡೋಣ" ಅಂದರು. ಯಜಮಾನರು ಬಾಗಿಲು ಹಾಕಿಕೊಂಡರು.

ಆಮೇಲೆ ಬಂತು ತಾರೀಕಿನ ರೂಲು. ಬೆಸ ತಾರೀಕಿಗೆ ಗಾಡಿಗಳು ಮಾವನ ಮನೆ ಕಡೆ, ಸಮ ತಾರೀಕಿಗೆ ಎದುರು ಮನೆ ಕಡೆ. ರಸ್ತೆ ಮೇಲೆ ಸುಣ್ಣದಲ್ಲಿ ಬರೆದರು, ಡ್ರೈವರುಗಳಿಗೆ ದಿನಾ ಟೀ ಕುಡಿಸಿ ಪಾಠ ಹೇಳಿದರು. "ಸಾರ್, ಇದು ಇಂಗ್ಲಿಷ್ ತಾರೀಕಾ, ಪಂಚಾಂಗದ್ದಾ?" ಎಂದು ಒಬ್ಬ ಕೇಳಿದ. ಎದುರು ಮನೆಯಾಕೆ ದಿನಾ ಬೆಳಿಗ್ಗೆ ಪೊರಕೆ ಹಿಡಿದು, "ಇವತ್ತು ರಂಗೋಲಿ ಹಾಕ್ಲೋ ಬೇಡ್ವೋ ಹೇಳ್ರೀ!" ಅನ್ನುತ್ತಿದ್ದರು. ನಾನಂತೂ ಅಲ್ಲಿಗೆ ಹೋದರೆ ಸ್ಕೂಟರ್ ಮೇಲೇ ಕೂತು ಬೆರಳೆಣಿಸುತ್ತಿದ್ದೆ. ಆದರೂ, ಪವಾಡವೇ ಅನ್ನಿ, ಒಂದು ಬದಿ ಖಾಲಿಯಾಗತೊಡಗಿತು!

ಮರುವರ್ಷ ಗೌರಿ ಬಂದದ್ದು ಸೆಪ್ಟೆಂಬರ್ ಒಂದಕ್ಕೆ. ಹಿಂದಿನ ದಿನ ಮಾವ ಫೋನ್ ಮಾಡಿದರು. "ಇವತ್ತು ಬೆಸ, ಗಾಡಿಗಳು ನಮ್ಮ ಕಡೆ ಇವೆ. ನಾಳೆ ತಾವಾಗೇ ಆ ಕಡೆ ಹೋಗ್ತವೆ. ಧೈರ್ಯವಾಗಿ ಬನ್ರೋ!"

ಹೋದರೆ ಎರಡೂ ಬದಿ ಭರ್ತಿ! ಮಾವ ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದಾರೆ. ಗೇಟಿನ ಮುಂದಿನ ಟೆಂಪೋದವನು ಕೈಮುಗಿದು, "ನಿನ್ನೆ ಮೂವತ್ತೊಂದು, ಬೆಸ. ಇವತ್ತು ಒಂದು, ಅದೂ ಬೆಸ. ನಿಮ್ ರೂಲೇ ಅಲ್ವಾ ಸಾರ್!" ಅಂದ. ಲೆಕ್ಕ ಬಂದವರು ಅಲ್ಲೇ ಉಳಿದಿದ್ದರು. 'ನಿನ್ನೆ ಈ ಕಡೆ, ಇವತ್ತು ಆ ಕಡೆ' ಅಂದುಕೊಂಡವರು ಎದುರು ಬದಿಗೆ ಹೋಗಿದ್ದರು. ಮಿಕ್ಕ ಸಂದಿಗೆಲ್ಲ ಏನೂ ಗೊತ್ತಿಲ್ಲದವರು ನುಗ್ಗಿದ್ದರು. ಮಾವನ ಮುಖ ಸಪ್ಪಗಾಯಿತು.

ಹಿಂದೆ ಲಾರಿಯೊಂದು ಬಂದು ಹಾರನ್ ಶುರುಮಾಡಿತು. "ನಡಿಯೋ, ಈ ವರ್ಷಾನೂ ಋಣ ಇಲ್ಲ" ಅಂದಳು ಅಮ್ಮ. ನಾನು ಗೇರ್ ಹಾಕಿದೆ. ಮಾವ ಓಡಿ ಬಂದು ಕಾರಿಗೆ ಅಡ್ಡ ನಿಂತರು.

"ನಡುರಸ್ತೇಲೇ ನಿಲ್ಸೋ!"

"ಮಾವ, ನಿಮ್ಮ ರೂಲು?"

"ರೂಲು ಹಾಳಾಗ್ಲಿ, ನನ್ನಕ್ಕ ಬಂದಿದ್ದಾಳೆ!"

ಒಳಗೆ ಹೋಗಿ ಬಾಗಿನದ ಮೊರಗಳ ಸಮೇತ ಅತ್ತೆಯನ್ನು ಕರೆತಂದೇಬಿಟ್ಟರು! ಅತ್ತೆ ಕಾರಿನ ಬಾಗಿಲು ತೆಗೆದು ಅಮ್ಮನಿಗೆ ಕುಂಕುಮವಿಟ್ಟರು. ಅಮ್ಮ ಕೂತಲ್ಲೇ ಸೆರಗೊಡ್ಡಿ ಬಾಗಿನ ತೆಗೆದುಕೊಂಡಳು. ಮಾವ ರಸ್ತೆಯಲ್ಲೇ ಮಂಡಿಯೂರಿ ಅವಳ ಕಾಲು ಮುಟ್ಟಿದರು. ಬೀದಿಗೆಲ್ಲ ಗದರುತ್ತಿದ್ದ ಮನುಷ್ಯ ತೋಳಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತು.

ಅಷ್ಟರಲ್ಲಿ ಲಾರಿಯವನು ದಡದಡ ಇಳಿದು ಬಂದ. ಜಗಳಕ್ಕೇ ಬಂದ ಅಂದುಕೊಂಡೆ. ಮೊರ ನೋಡಿದವನು ಗಕ್ಕನೆ ನಿಂತ.

"ನಿಧಾನಕ್ಕಾಗಲಿ ಅಮ್ಮ," ಅಂದ, "ನಾನು ಕಾಯ್ತೀನಿ."