ಒಗ್ಗರಣಿ ಡಬ್ಬಿಯೊಳಗಿನ ನೊಣ

ಒಬ್ಬರಿಗೆ ಹಾವಿನ ಅಂಜಿಕಿ, ಒಬ್ಬರಿಗೆ ಹೆಡ್‌ಮಾಸ್ತರ ಅಂಜಿಕಿ. ನನಗ ನಮ್ಮ ಅತ್ತಿಯವರ ಅಂಜಿಕಿ. ನಾನು ಮನಿ ಅಳಿಯ. ಹಾನಗಲ್ಲಿನ್ಯಾಗ ಅವರ ಮನ್ಯಾಗ ಇದ್ದು, ಅವರು ಬಡದ ರೊಟ್ಟಿ ಉಂಡು, ಬಸ್ಸಿನ್ಯಾಗ ಅಕ್ಕಿಆಲೂರಿಗೆ ಹೋಗಿ ಹೈಸ್ಕೂಲ ಹುಡುಗರಿಗೆ ಡ್ರಾಯಿಂಗ್ ಕಲಿಸಿ ಬರೂ ಬಡಪಾಯಿ. ಅತ್ತಿ ಸುಶೀಲವ್ವ ಲಿಂಗಪೂಜಾ ಮುಗಿಯೂತನಕ ಹನಿ ನೀರು ಮುಟ್ಟೂದಿಲ್ಲ. ಯಾರರ ತತ್ತಿ ಅಂತ ಬಾಯಿ ಬಿಟ್ಟು ಅಂದ್ರ, ಬಾಯಿ ತೊಳಕೊಂಡ ಒಳಗ ಬರಬೇಕು. ಇಂಥಾ ಮನ್ಯಾಗ ಇದ್ದು ನಾನು ಕದ್ದು ಮೀನ ಹಿಡಿತಿದ್ನಿ.

ತಡೀರಿ, ಬೈಬ್ಯಾಡ್ರಿ. (ಬೈಯಾಕ ಮನ್ಯಾಗ ಮಂದಿ ಅದಾರ.) ನಾನು ಹಿಡಿಯೂದು ತಿನ್ನಾಕಲ್ಲ. ಒಂದಿನ ಫೋನಿನ್ಯಾಗ ಒಬ್ಬ ಟೊಪಗಿ ಹಾಕ್ಕೊಂಡ ಪರದೇಶದವ ಮೊಣಕಾಲ ಮಟಾ ನೀರಾಗ ನಿಂತು, ಚಾಟಿ ಬೀಸಿದಂಗ ದಾರ ಬೀಸಿ ಮೀನ ಹಿಡದು, ಅದಕ್ಕ ಮುತ್ತು ಕೊಟ್ಟು ಹೊಳ್ಳಿ ನೀರಿಗೆ ಬಿಡೂದನ್ನ ನೋಡಿದ್ನಿ. ಅವನ ಗಾಳಕ್ಕ ಎರಿಹುಳ ಇರಲಿಲ್ಲ. ಪುಕ್ಕ, ಕೂದಲ, ನೂಲು ಸುತ್ತಿ ಕಟ್ಟಿದ ಸುಳ್ಳು ನೊಣ ಇತ್ತು. ಮೀನ ಅದನ್ನ ಖರೆ ನೊಣ ಅಂತ ತಿಳದು ಬಾಯಿ ಹಾಕತೈತಿ. ಹುಳಾನೂ ಸಾಯೂದಿಲ್ಲ, ಮೀನೂ ಸಾಯೂದಿಲ್ಲ. ಶರಣರು ಮೆಚ್ಚೂ ಹಂತಾ ಮೀನುಗಾರಿಕೆ ಅಂತ ನನಗ ನಾನ ಸರ್ಟಿಫಿಕೇಟ್ ಕೊಟ್ಟುಕೊಂಡ್ನಿ. ಅವತ್ತಿನಿಂದ ರವಿವಾರ ಬಂತಂದ್ರ ಮನ್ಯಾಗ ಸ್ಪೆಷಲ್ ಕ್ಲಾಸ್ ಅಂತ ಹೇಳಿ, ಗೆಳೆಯ ಬಂದೇಸಾಬನ ಗಾಡಿ ಹತ್ತಿ ಧರ್ಮಾ ಹೊಳಿಗೆ ಹೋಗಾಕ ಹತ್ತಿದ್ನಿ. ವಾರಪೂರ್ತಿ ಬಗ್ಗಿ ನಡದ ಬೆನ್ನು ಅಲ್ಲಷ್ಟ ನೆಟ್ಟಗ ಆಕ್ಕಿತ್ತು. ಆ ರವಿವಾರ ಇರಲಿಲ್ಲಂದ್ರ ನಾನು ಎಂದೋ ಹುಚ್ಚ ಆಗಿರತಿದ್ನಿ.

ನೊಣ ಕಟ್ಟೂದು ಅಂದ್ರ ಹುಡುಗಾಟ ಅಲ್ಲರಿ. ಗಾಳವನ್ನ ಚಿಮಟಿಗೆಗೆ ಸಿಗಿಸಿ, ಉಸರು ಬಿಗಿಹಿಡದು ನೂಲು ಸುತ್ತಬೇಕು. ಹುಂಜದ ಕೊಳ್ಳಿನ ಪುಕ್ಕ ಬಂದೇಸಾಬನ ಕೋಳಿ ಅಂಗಡಿಯಿಂದ ಬರತಿತ್ತು. ಕೆಂಪು ನೂಲು ಹೆಂಡತಿ ಮಾಲಾನ ಹೊಲಿಗಿ ಪೆಟ್ಟಿಗಿಯಿಂದ. ನವಿಲಗರಿ ದೇವರ ಫೋಟೋದ ಹಿಂದಿಂದು, ಒಂದೊಂದ ಎಳಿ. ಆದ್ರ ನೊಣದ ಮೈಗೆ ಬೇಕಾಗೂ ಹೊಳಪು ಕೆಂಪು ಎಲ್ಲೂ ಸಿಗಲಿಲ್ಲ. ಕಡೀಕ ಅತ್ತಿಯವರ ಬಾಚಣಿಕಿಯಾಗ ಸಿಕ್ತು. ಅವರು ತಲಿಗೆ ಮೆಹಂದಿ ಹಚ್ಚತಾರ. ಆ ಕೂದಲ ಸುತ್ತಿದ ನೊಣ ನೀರಿಗೆ ಬಿತ್ತಂದ್ರ ಮೀನ ತಾವಾಗೇ ಓಡಿ ಬರತಿದ್ದುವು. (ನಾನು ಅದ ಕೂದಲ ಕಂಡ್ರ ಓಡಿ ಹೋಗತೇನಿ, ಆ ಮಾತು ಬ್ಯಾರೆ.)

ಕಟ್ಟಿದ್ದೇನೋ ಆತು, ಇಡೂದು ಎಲ್ಲಿ? ಕಿಸೆದಾಗ ಇಟ್ರ ಒಂದಕ್ಕೊಂದು ಸಿಕ್ಕಿಬಿದ್ದು ತೊಡಿಗೆ ನಾಟತಾವ. ಅದಕ್ಕ ಬಜಾರದಾಗ ಒಂದು ಸ್ಟೀಲಿನ ಒಗ್ಗರಣಿ ಡಬ್ಬಿ ತಂದ್ನಿ. ಸಾಸಿವಿ ಬಟ್ಟಲದಾಗ ಸಣ್ಣ ಕರೇ ನೊಣ, ಜೀರಗಿ ಬಟ್ಟಲದಾಗ ಕಂದು, ಅರಿಷಿಣದ್ದರಾಗ ಹಳದಿ, ಖಾರದ ಬಟ್ಟಲದಾಗ ಅತ್ತಿ ಕೂದಲದ್ದು. ಏನ ಚೆಂದ ಕಾಣತಿತ್ತಂತೀರಿ! ಅಡಗಿಮನಿ ಅಟ್ಟದ ಮ್ಯಾಲ ಹಳೆ ತಪ್ಪಲಿ ಹಿಂದ ಇಟ್ಟು, ಡಬ್ಬಿ ನಡುವ ಡಬ್ಬಿ ಯಾರ ನೋಡತಾರ ಅಂತ ನನ್ನ ಜಾಣತನಕ್ಕ ನಾನ ತಲಿದೂಗಿದ್ನಿ.

ಪಂಚಮಿ ಬಂತು. ಉಂಡಿ ಕಟ್ಟೂ ಮೊದಲ ಅಡಗಿಮನಿ ಸ್ವಚ್ಛ ಆಗಬೇಕು. ನಾನು ಪಡಸಾಲಿಯಾಗ ಚಾ ಕುಡಿಯಾಕತ್ತಿದ್ನಿ. ಒಳಗ ಅಟ್ಟದ ಮ್ಯಾಲಿನ ಸಾಮಾನ ಇಳಿಯೂ ಸಪ್ಪಳ. ಆಮ್ಯಾಲ ಡಬ್ಬಿ ತಗದ ಸಪ್ಪಳ. ಅತ್ತಿ ಒದರಿದ್ರ ನಾನು ಇಷ್ಟ ಅಂಜತಿರಲಿಲ್ಲ.

“ಮಾಲಾ,” ಅಂದ್ರು ಮೆಲ್ಲಕ, “ನಮ್ಮ ಮನಿಗೆ ಯಾರೋ ಮಾಟ ಮಾಡಿಸ್ಯಾರ.”

ಚಾ ಕಪ್ಪು ಹಿಡಕೊಂಡ ಒಳಗ ಹೋಗಿ ನೋಡಿದ್ರ ಅವರದೂ ತಪ್ಪಲ್ಲ. ಬಗ್ಗಿಸಿದ ಸೂಜಿ, ಕೆಂಪು ನೂಲು, ಕೋಳಿ ಪುಕ್ಕ, ಮ್ಯಾಲ ಅವರದ ಕೂದಲ. ಆಗಲೇ ನಾನು ನಿಜ ಹೇಳಬೇಕಾಗಿತ್ತು. ಆದ್ರ ಮಾಟ ಅಂದ್ರ ಗುನ್ನೆ ಯಾರದೋ, ಮೀನ ಅಂದ್ರ ನಂದು. ಮೀನದ ಸುದ್ದಿ ಗೊತ್ತಾದ್ರ ನನ್ನ ಹಾಸಿಗಿ ಅಂಗಳಕ್ಕ ಬರೂದು ಗ್ಯಾರಂಟಿ. ಕಪ್ಪು ಬಾಯಿಗೆ ಹಚ್ಚಿಕೊಂಡ್ನಿ. ಅತ್ತಿ ಎರಡೂ ಕೈಲೆ ತಲಿ ಹಿಡಕೊಂಡು ನೆಲದ ಮ್ಯಾಲ ಕುಂತ್ರು. ಈ ವರ್ಷ ಕೂದಲ ಉದುರಿದ್ದು ಇದಕ್ಕ ಅಂದ್ರು. ಅಂಥಾ ಗಟ್ಟಿ ಹೆಂಗಸು ಹಿಂಗ ಕುಂತದ್ದು ನೋಡಿ ನನಗ ಖರೇನ ಕೆಟ್ಟ ಅನಿಸ್ತು.

ಸಂಶಯ ಹೋಗಿ ಬಿದ್ದದ್ದು ಗ್ವಾಡಿ ಆಚಿಕಡೆ ಮನಿ ವೀರವ್ವನ ಮ್ಯಾಲ. ಮೋರಿ ನೀರಿನ ಸಲುವಾಗಿ ಎರಡೂ ಮನಿಗೆ ಮಾತು ಬಿಟ್ಟು ಹೋಗಿತ್ತು. ಪಾಪ, ವೀರವ್ವ ಇರುವಿ ತುಳಿಯಾಕ ಹಿಂಜರಿಯೂ ಜೀವ. ನಾನು ಮೆಲ್ಲಕ, ಅಕಿ ಹಂತಾಕಿ ಅಲ್ಲರಿ ಅಂದ್ನಿ. ಮಾಲಾ ನನ್ನ ಮಾರಿ ನೋಡಿ, ನಿಮಗ್ಯಾಕ ಅಕಿ ಮ್ಯಾಲ ಇಷ್ಟ ಕಕ್ಕುಲಾತಿ ಅಂತ ಕೇಳಿದಳು. ಅಲ್ಲಿಗೆ ಎದ್ದು ಹೊರಗ ನಡದ್ನಿ.

ಮರುದಿನ ಹಂಸಭಾವಿಯಿಂದ ಪರಮೇಶ್ವರಪ್ಪ ಬಂದ. ಮಾಟ ಮಾಡಿದವರನ್ನ ಹಿಡದು ಕೊಡೂದರಾಗ ಸುತ್ತಲ ಊರಾಗ ಅವನ ಹೆಸರು. ಅವ ಹೇಳಿದ ಅಂತ ವೀರವ್ವನೂ ಬಂದು ಬಾಗಲದಾಗ ನಿಂತಳು. ಪರಮೇಶ್ವರಪ್ಪ ಕಟ್ಟಿಗಿ ಮಣಿ ಮ್ಯಾಲ ಡಬ್ಬಿ ಇಡಿಸಿ, ಚಷ್ಮಾ ಹಾಕ್ಕೊಂಡು ಒಂದು ನೊಣ ಎತ್ತಿ ಬೆಳಕಿಗೆ ಹಿಡದ. “ಭಾಳ ಛಲೋ ಕಟ್ಟ್ಯಾರ,” ಅಂದ. ಇಷ್ಟು ದಿನದಾಗ ನನ್ನ ಕೈಕೆಲಸ ಹೊಗಳಿದವ ಅವನೊಬ್ಬನ ನೋಡ್ರಿ. ನನಗ ಗೊತ್ತಿಲ್ಲದಂಗ ಮಾರಿ ಅರಳಿಬಿಡ್ತು. ಹೆಂಗರ ಮಾಡಿ ಕೆಮ್ಮಿ ಮುಚ್ಚಿಕೊಂಡ್ನಿ.

“ಇಷ್ಟು ಸಣ್ಣ ಸೂಜಿಗೆ ಇಷ್ಟು ಸಣ್ಣ ನೂಲು ಸುತ್ತಬೇಕಂದ್ರ ಬೆರಳಿಗೆ ನಾಟಿರಲೇಬೇಕು,” ಅಂದ ಪರಮೇಶ್ವರಪ್ಪ. “ಎಲ್ಲಾರೂ ಕೈ ತೋರಸ್ರಿ.”

ನನ್ನ ಕೈ ತಾನ ಹೋಗಿ ಕಿಸೆದಾಗ ಹೊಕ್ಕಿತು. ಅತ್ತಿ ತೋರಿಸಿದರು, ಮಾಲಾ ತೋರಿಸಿದಳು. ವೀರವ್ವ ಕೈ ಚಾಚಿದಳು. ಬೆರಳ ತುಂಬ ಸೂಜಿ ಚುಚ್ಚಿದ ಗುರುತು! ಅಕಿ ಊರ ಮಂದಿಗೆಲ್ಲಾ ಕೌದಿ ಹೊಲಿದು ಕೊಡತಾಳ, ಇರದ ಏನ ಮಾಡ್ಯಾವು? ಆದ್ರ ಎಲ್ಲಾರ ಕಣ್ಣು ಅಕಿ ಮ್ಯಾಲ ನಿಂತುವು. ವೀರವ್ವನ ಮಾರಿ ಬಿಳಚಿತು. “ಸುಶೀಲಕ್ಕಾ, ನಿನ್ನ ಮಗಳ ಬಾಣಂತನದ ಕೌದಿ ಇದ ಕೈಲೆ ಹೊಲದೇನಿ,” ಅಂತ ಅಳಾಕ ಹತ್ತಿದಳು.

ನನಗ ತಡಕೊಳ್ಳಾಕ ಆಗಲಿಲ್ಲ. ಕಿಸೆಯಿಂದ ಕೈ ತಗದ್ನಿ.

“ಅತ್ಯಾರ, ನಾನ ಕಟ್ಟಿದ್ದರಿ.”

ಅತ್ತಿ ನನ್ನ ಬೆರಳು ನೋಡಿದರು, ಮಾರಿ ನೋಡಿದರು. “ನನಗ ಮಾಟ ಮಾಡೂವಂಥಾದ್ದು ನಿಮಗ ನಾ ಏನ ಕಡಿಮಿ ಮಾಡಿದ್ದೆ?” ಅಂತ ಕೇಳಿದರು. ಇನ್ನ ಮುಚ್ಚಿಟ್ಟು ಉಪಯೋಗ ಇರಲಿಲ್ಲ. ಕಣ್ಣ ಮುಚ್ಚಿಕೊಂಡು ಹೊಳಿ, ಗಾಳ, ಬಂದೇಸಾಬ, ಸ್ಪೆಷಲ್ ಕ್ಲಾಸ್ ಎಲ್ಲಾ ಒದರಿಬಿಟ್ನಿ. ಮಾಲಾ ಸೆರಗಿಲೆ ಮೂಗ ಮುಚ್ಚಿಕೊಂಡಳು. ನನ್ನ ಹಾಸಿಗಿ ಅಂಗಳಕ್ಕ ಬೀಳೂ ಸಪ್ಪಳ ಕಿವಿಯಾಗ ಕೇಳಾಕತ್ತಿತ್ತು.

“ಹಿಡದು ಎಲ್ಲಿ ತಿಂತಿದ್ರಿ?” ಅಂತ ಕೇಳಿದರು ಅತ್ತಿ.

“ತಿನ್ನೂದಿಲ್ಲರಿ. ಲಿಂಗದಾಣೆ.”

“ಮಾರತಿದ್ರಿ?”

“ಇಲ್ಲರಿ. ಹಿಡದು ಹೊಳ್ಳಿ ನೀರಿಗೆ ಬಿಡತಿದ್ನಿ.”

“ಮತ್ತ ಹಿಡಿಯೂದ್ಯಾಕ?”

ಆ ಟೊಪಗಿ ಪರದೇಶದವನೂ ಇದನ್ನ ಹೇಳಿಕೊಟ್ಟಿರಲಿಲ್ಲ. ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದರು. ನೋಡನೋಡತಾ ಅತ್ತಿಯವರ ಮಾರಿ ಮ್ಯಾಲಿನ ಸಿಟ್ಟು ಇಳದು ಮರುಕ ಬಂತು. ಆ ಮರುಕ ಸಿಟ್ಟಿಗಿಂತಾ ಕೆಟ್ಟದಾಗಿತ್ತು.

“ಅಯ್ಯ ಶಿವನ,” ಅಂದ್ರು. “ಮಾಟ ಆಗಿದ್ದು ನನಗಲ್ಲ. ಅಳಿಯಂದ್ರಿಗೆ ಆಗೇತಿ.”

ಹೌದೌದು ಅಂತ ಎಲ್ಲಾರಿಗಿಂತ ಮೊದಲ ಗೋಣ ಹಾಕಿದಾಕಿ ವೀರವ್ವ. ಕಣ್ಣೀರು ಒರಸಿಕೊಂಡು ತನ್ನ ಮನಿಗೆ ಓಡಿ ಹೋಗಿ, ಉಪ್ಪು ಮೆಣಸಿನಕಾಯಿ ತಂದು ನನಗ ದೃಷ್ಟಿ ತಗದಳು. ಮಾತು ಬಿಟ್ಟಿದ್ದ ಎರಡೂ ಮನಿ ನನ್ನ ತಲಿ ಮ್ಯಾಲ ಒಂದಾದುವು. ಇವರನ್ನ ನೀರು ಕರಿಯಾಕತ್ತೈತಿ, ಹೊಳಿ ಕೆರಿ ಕಡೆ ಬಿಡಬ್ಯಾಡ್ರಿ ಅಂತ ಪರಮೇಶ್ವರಪ್ಪ ಹುಕುಂ ಕೊಟ್ಟ. ಇನ್ನ ಮುಂದ ರವಿವಾರ ತಾವ ನನ್ನ ಹಂತ್ಯಾಕ ಕುಂಡ್ರೂದಾಗಿ ಅತ್ತಿ ಭರವಸೆ ಕೊಟ್ಟರು. ನನಗ ಕಣ್ಣಾಗ ನೀರು ಬಂತು. ಅದನ್ನ ನೋಡಿ ಅತ್ತಿ, ಮಾಟ ಇಳಿಯಾಕತ್ತೈತಿ ಅಂದ್ರು.

ಕಡೀಕ ಪರಮೇಶ್ವರಪ್ಪ ನನ್ನ ರಟ್ಟಿಗೆ ಮಂತ್ರಿಸಿದ ಕರೇ ದಾರ ಕಟ್ಟಿದ. ಏನ ಗಂಟರಿ ಅದು, ಅಡ್ಡಾದಿಡ್ಡಿ, ಸಡಿಲ. ನಾನು ಸುಮ್ಮನಿರಬೇಕಾಗಿತ್ತು. ಕೈ ಕೇಳಲಿಲ್ಲ. ಇನ್ನೊಂದು ಕೈಲೆ ಬಿಚ್ಚಿದ್ನಿ, ಬಿಗಿಯಾಗಿ ಎಳಿಗೆ ಎಳಿ ಹಚ್ಚಿ ಸುತ್ತಿದ್ನಿ, ಒಳಗಿಂದ ಎಳದು ಗಂಟು ಕೂಡಿಸಿದ್ನಿ, ಉಳದ ತುದಿ ಹಲ್ಲಿಲೆ ಕಡದು ಉಗಳಿದ್ನಿ. ತಲಿ ಎತ್ತಿ ನೋಡಿದ್ರ ಎಲ್ಲಾರೂ ಒಂದೊಂದು ಹೆಜ್ಜಿ ಹಿಂದ ಸರದು ನಿಂತಿದ್ದರು.

“ಮಾಲಾ,” ಅಂದ್ರು ಅತ್ತಿ, ಕಣ್ಣು ನನ್ನ ಮ್ಯಾಲಿಂದ ತಗೀದ, “ಬೇವಿನ ಸೊಪ್ಪು ಒಂದಿಷ್ಟು ತಾ. ಹಂಗ ಅಂಗಳದಾಗ ಹಾಸಿಗಿ ಹಾಕು.”